ಮನೆಯದು ಬೇರೆ, ಗಾಡಿಯದು ಬೇರೆ: ಅಣ್ಣನ ಜೊತೆಗಿನ ವ್ಯಾಜ್ಯ ನಾನು ಬಗೆಹರಿಸಿಕೊಂಡದ್ದು

ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲಿ ಶುರುವಾದದ್ದು ಒಂದೇ ಜಗಳ ಅಂತ ನೆಂಟರೆಲ್ಲ ಅಂದುಕೊಂಡಿದ್ದರು. ನಿಜಕ್ಕೂ ಅವು ಎರಡು. ಒಂದು ನಾವು ಬಾಡಿಗೆಗಿದ್ದ ಮನೆಯದು, ಇನ್ನೊಂದು ನನ್ನ ಕಾರಿನದು. ಅಣ್ಣ ಎರಡನ್ನೂ ಸೇರಿಸಿ ಗಂಟು ಹಾಕಿದ್ದ. "ಮನಿ ಬಿಡ್ರಿ, ಗಾಡಿ ತಗೊಂಡು ಹೋಗ್ರಿ" ಅನ್ನೋದೇ ಅವನ ಮಾತು. ಆ ಗಂಟು ಬಿಚ್ಚುವವರೆಗೆ ಯಾವುದೂ ಮುಂದೆ ಹೋಗಲಿಲ್ಲ.

ಮನೆ ಇದ್ದದ್ದು ಕಲಬುರಗಿಯ ಜೇವರ್ಗಿ ರಸ್ತೆ ಕಡೆ. ಮುಂದಿನ ಕೋಣೆಗಳಲ್ಲಿ ಅಣ್ಣ, ವೈನಿ. ಹಿಂದಿನ ಭಾಗದಲ್ಲಿ ಅವ್ವ, ನಾನು. ಕರಾರು ಅಪ್ಪನ ಹೆಸರಲ್ಲಿ, ಎಲ್ಲರೂ ಮಾಡಿಸುವ ಹಾಗೆ 11 ತಿಂಗಳದ್ದು. ಅದು ಮುಗಿದು ವರ್ಷಗಳೇ ಆಗಿದ್ದವು. ಮಾಲೀಕರು ಬಾಡಿಗೆ ತಗೊಳ್ಳುತ್ತಿದ್ದರು, ನಾವು ಇರುತ್ತಿದ್ದೆವು. ಅಪ್ಪ ಹೋದ ಮೇಲೆ ಬಾಡಿಗೆ ಅಣ್ಣನ ಫೋನಿಂದ ಹೋಗತೊಡಗಿತು. ನನ್ನ ಪಾಲನ್ನು ನಾನು ಅಣ್ಣನ ಖಾತೆಗೆ ಹಾಕುತ್ತಿದ್ದೆ. ಗಂಜ್‌ನ ದಾಲ್ ಮಿಲ್ ಒಂದರಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ಹಾಗಾಗಿ ಹಣ ಕೈಯಲ್ಲಿ ಕೊಡುವ ಅಭ್ಯಾಸ ಇಲ್ಲ. ಇದು ಮುಂದೆ ಬಹಳ ಉಪಯೋಗಕ್ಕೆ ಬಂತು.

ಒಂದು ದಿನ ಸಂಜೆ ಕೆಲಸ ಮುಗಿಸಿ ಬಂದರೆ ಅಂಗಳದಲ್ಲಿ ಕಾರಿಲ್ಲ. ಅವ್ವ ಹೇಳಿದಳು, ಕ್ರೇನ್ ಬಂದಿತ್ತು, ಅಣ್ಣನೇ ನಿಂತು ಎಳೆಸಿದ ಅಂತ. ಅಂಗಳಕ್ಕೆ ಶಹಾಬಾದ್ ಪರಸಿ ಹಾಸಿದ್ದಾರೆ. ಆ ಕಲ್ಲಿನ ಮೇಲೆ ಕಾರು ನಿಲ್ಲುತ್ತಿದ್ದ ಜಾಗದಿಂದ ಗೇಟಿನವರೆಗೆ ಎರಡು ಕಪ್ಪು ಗೆರೆ. ಹ್ಯಾಂಡ್‌ಬ್ರೇಕ್ ಹಾಕಿದ ಗಾಡಿಯ ಮುಂಭಾಗ ಎತ್ತಿ ಎಳೆದರೆ ಹಿಂದಿನ ಚಕ್ರ ತಿರುಗೋದಿಲ್ಲ, ಉಜ್ಜಿಕೊಂಡು ಹೋಗುತ್ತದೆ. ರಬ್ಬರ್ ಕಲ್ಲಿಗೆ ಹತ್ತಿತ್ತು. ಅವ್ವ ಬಕೆಟ್ ತಂದು ತೊಳೆಯಲು ಹೊರಟಿದ್ದಳು. ನಾನು ತಡೆದೆ. ಗೆರೆಗಳ ಪಕ್ಕ ಅಳತೆಯ ಟೇಪ್ ಇಟ್ಟು, ಗೇಟು ಕಾಣುವ ಹಾಗೆ ಫೋಟೋ ತೆಗೆದೆ. ನನ್ನ ಹತ್ತಿರ ಕೀಲಿ ಇತ್ತು, ನನ್ನನ್ನು ಕೇಳದೆ ಗಾಡಿ ಒಯ್ದರು ಅನ್ನೋದಕ್ಕೆ ಅದಕ್ಕಿಂತ ಒಳ್ಳೆ ಸಾಕ್ಷಿ ಇರಲಿಲ್ಲ.

ಎದುರು ಮನೆಯವರ ಸಿಸಿಟಿವಿಯಲ್ಲಿ ಎಲ್ಲ ಸೆರೆಯಾಗಿತ್ತು. ಇಂಥ ದೃಶ್ಯ ಬೇಗ ಅಳಿಸಿ ಹೋಗುತ್ತದೆ, ಹೊಸದು ಹಳೆಯದರ ಮೇಲೆ ಕೂರುತ್ತದೆ. ಅವತ್ತೇ ಪೆನ್‌ಡ್ರೈವ್‌ಗೆ ಹಾಕಿಸಿಕೊಂಡೆ. ಕೋರ್ಟಿಗೆ ಹೋಗುವುದಾದರೆ ಅದರ ಜೊತೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ, ಆ ದೃಶ್ಯ ಯಾವ ಯಂತ್ರದಿಂದ ಹೇಗೆ ಬಂತು ಅಂತ ಹೇಳುವ ಪ್ರಮಾಣಪತ್ರ ಕೊಡಬೇಕು. ವಾಟ್ಸಾಪ್ ಸಂದೇಶಗಳಿಗೂ ಅದೇ ನಿಯಮ. ಅಣ್ಣ "ಮನಿ ಬಿಟ್ಟ ಮ್ಯಾಲ ಗಾಡಿ" ಅಂತ ಕಳಿಸಿದ ಸಂದೇಶವನ್ನು ಹಾಗೇ ಉಳಿಸಿಕೊಂಡೆ. ಬೈದು ಉತ್ತರ ಬರೆಯಲಿಲ್ಲ. ನನ್ನ ಉತ್ತರವೂ ನಾಳೆ ಯಾರಾದರೂ ಓದುವ ಕಾಗದ ಆಗುತ್ತೆ ಅಲ್ವಾ?

ಅಣ್ಣನ ವಾದ, ಗಾಡಿ ದಾರಿಗೆ ಅಡ್ಡ ಇತ್ತು, ಅದಕ್ಕೇ ಎಳೆಸಿದೆ ಅಂತ. ಇಲ್ಲಿ ಮೋಟಾರು ವಾಹನ ಕಾಯ್ದೆ, 1988ರ 127ನೇ ಕಲಂ ಓದಿಕೊಂಡದ್ದು ನನಗೆ ಧೈರ್ಯ ಕೊಟ್ಟಿತು. ಸಾರ್ವಜನಿಕ ಜಾಗದಲ್ಲಿ ಗಾಡಿಯನ್ನು 10 ತಾಸು ಅಥವಾ ಅದಕ್ಕಿಂತ ಜಾಸ್ತಿ ಬಿಟ್ಟು ಹೋಗಿದ್ದರೆ, ಅಥವಾ ನಿಲ್ಲಿಸಬಾರದ ಕಡೆ ನಿಲ್ಲಿಸಿದ್ದರೆ, ಅದನ್ನು ಎಳೆದೊಯ್ಯಲು ಹೇಳುವ ಅಧಿಕಾರ ಸಮವಸ್ತ್ರದಲ್ಲಿರುವ, ಆ ವ್ಯಾಪ್ತಿಯ ಪೊಲೀಸ್ ಅಧಿಕಾರಿಗೆ ಇದೆ. ಆಗ ಎಳೆದ ಖರ್ಚು ಗಾಡಿ ಮಾಲೀಕರ ಮೇಲೆ. ನಮ್ಮ ಅಂಗಳ ರಸ್ತೆಯಲ್ಲ, ಅಣ್ಣ ಪೊಲೀಸನೂ ಅಲ್ಲ. ಆರ್‌ಸಿ, ವಿಮೆ ಎರಡೂ ನನ್ನ ಹೆಸರಲ್ಲಿ. ಸಾಲದ ಕಂತು ನನ್ನ ಸಂಬಳದಿಂದ ಕಟ್ಟಿ ತೀರಿಸಿದ್ದು.

ಠಾಣೆಗೆ ಹೋದಾಗ ಮೊದಲ ಮಾತು, "ಮನಿ ಜಗಳ ಅದ ಬಿಡ್ರಿ, ಕೂತು ಮಾತಾಡ್ರಿ, ಸಿವಿಲ್ ಮ್ಯಾಟರ್." ಇದನ್ನು ಬಹಳ ಹೆಣ್ಣುಮಕ್ಕಳು ಕೇಳಿ ವಾಪಸ್ ಬರುತ್ತಾರೆ. ನಾನು ದೂರಿನಲ್ಲಿ ಮನೆಯ ಸುದ್ದಿ ಒಂದು ಸಾಲೂ ಬರೆದಿರಲಿಲ್ಲ. ಬೇಕಂತಲೇ. ಯಾವ ಗಾಡಿ, ಕೆಎ-32ರ ನಂಬರ್, ಎಲ್ಲಿ ನಿಂತಿತ್ತು, ಯಾರು ಎಳೆಸಿದರು, ನನ್ನ ಒಪ್ಪಿಗೆ ಇರಲಿಲ್ಲ, ಅಷ್ಟೇ. ಜೊತೆಗೆ ಆರ್‌ಸಿ ಪ್ರತಿ, ಫೋಟೋ, ಆ ಸಂದೇಶ. ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮಿನಲ್ಲಿ ಕಳವಿಗೆ ಕೊಟ್ಟಿರುವ ಉದಾಹರಣೆಗಳಲ್ಲಿ ಒಂದು ನನ್ನ ಕಥೆಗೆ ಬಹಳ ಹತ್ತಿರ ಇದೆ. ಒಬ್ಬರ ವಸ್ತುವನ್ನು ಒಪ್ಪಿಗೆಯಿಲ್ಲದೆ ಒಯ್ದು, ಹಣ ಕೊಟ್ಟರೆ ಮಾತ್ರ ತಿರುಗಿ ಕೊಡುತ್ತೇನೆ ಅಂತ ಇಟ್ಟುಕೊಂಡರೂ ಅದು ಕಳವೇ. ಅಣ್ಣ ಕೇಳಿದ್ದು ಹಣವಲ್ಲ, ಮನೆ. ಆದರೂ ಅದನ್ನು ಓದಿ ತೋರಿಸಿದ ಮೇಲೆ ಮಾತಿನ ಧಾಟಿ ಬದಲಾಯಿತು. ದೂರಿಗೆ ಸ್ವೀಕೃತಿ ಕೇಳಿ ಪಡೆದೆ. ಠಾಣೆಯಲ್ಲಿ ದೂರು ದಾಖಲಿಸಿಕೊಳ್ಳದಿದ್ದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173(4)ನೇ ಕಲಂ ಪ್ರಕಾರ ದೂರನ್ನು ಅಂಚೆಯಲ್ಲಿ ಮೇಲಧಿಕಾರಿಗೆ ಕಳಿಸಬಹುದು, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಹತ್ತಿರ ಹೋಗಬಹುದು. ನನಗೆ ಅಲ್ಲಿಯವರೆಗೆ ಹೋಗುವ ಪ್ರಸಂಗ ಬರಲಿಲ್ಲ.

ಕ್ರೇನ್‌ನವನನ್ನೂ ಹುಡುಕಿ ಮಾತಾಡಿದೆ. ಅವನ ಮೇಲೆ ಸಿಟ್ಟು ಮಾಡಲಿಲ್ಲ. ಬಿಲ್ ಯಾರ ಹೆಸರಿಗೆ, ಆರ್‌ಸಿ ನೋಡಿದ್ದೆಯಾ ಅಂತ ಕೇಳಿದೆ. ಬಿಲ್ ಅಣ್ಣನ ಹೆಸರಲ್ಲಿತ್ತು. ಅದರ ಫೋಟೋ ತೆಗೆದುಕೊಂಡೆ. ಪೊಲೀಸರು ಎಲ್ಲರನ್ನೂ ಕರೆಸಿದಾಗ ಗಾಡಿ ಯಾವ ಗ್ಯಾರೇಜಿನಲ್ಲಿದೆ ಅನ್ನೋದು ಕ್ರೇನ್‌ನವನ ಬಾಯಿಂದಲೇ ಬಂತು. ಅಣ್ಣ ಬರಹದಲ್ಲಿ ಒಪ್ಪಿಕೊಂಡು ಗಾಡಿ ಬಿಟ್ಟುಕೊಟ್ಟ. ತಗೊಳ್ಳುವ ಮೊದಲು ಹಿಂದಿನ ಟೈರುಗಳ ಸವೆತ, ಬಂಪರ್ ಗೀರು ಎಲ್ಲ ಬರೆಸಿ ಸಹಿ ಮಾಡಿಸಿದೆ. ಪೊಲೀಸರು ಗಾಡಿಯನ್ನು ಜಪ್ತಿ ಮಾಡಿದ್ದರೆ ದಾರಿ ಬೇರೆ ಇತ್ತು, ಕೋರ್ಟಿನಲ್ಲಿ ಬಿಡುಗಡೆ ಅರ್ಜಿ ಹಾಕಬೇಕು. ಜಪ್ತಿ ಗಾಡಿಗಳನ್ನು ಠಾಣೆ ಮುಂದೆ ಬಹಳ ದಿನ ನಿಲ್ಲಿಸಿ ಕೊಳೆಸಬಾರದು ಅಂತ ಸುಪ್ರೀಂ ಕೋರ್ಟ್ 2002ರಲ್ಲೇ ಸುಂದರಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಹೇಳಿದೆ.

ಇನ್ನು ಮನೆ. ಇದು ನಿಧಾನದ ಕೆಲಸ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟೆ. 1987ರ ಕಾಯ್ದೆಯ 12ನೇ ಕಲಂ ಪ್ರಕಾರ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ. ಸಂಬಳ ಬರುವವರಿಗೆ ಇದೆಲ್ಲ ಸಿಗಲ್ಲ ಅಂತ ಜನ ಸುಮ್ನೆ ಹೇಳುತ್ತಾರೆ. ನನಗೆ ಸಿಕ್ಕ ವಕೀಲೆ ಮೊದಲು ಕೇಳಿದ್ದು, ಮನೆಯೊಳಗೆ ಇದ್ದೀರಾ, ಹೊರಗೆ ಇದ್ದೀರಾ ಅಂತ. ಒಳಗೆ ಇದ್ದೇವೆ ಅಂದೆ. "ಹಂಗಾರ ಒಳಗೇ ಇರ್ರಿ" ಅಂದರು. ಕಾನೂನಿನ ದಾರಿ ಬಿಟ್ಟು ಯಾರಾದರೂ ಹೊರಗೆ ಹಾಕಿದರೆ ನಿರ್ದಿಷ್ಟ ಪರಿಹಾರ ಕಾಯ್ದೆ, 1963ರ 6ನೇ ಕಲಂ ಪ್ರಕಾರ ಆರು ತಿಂಗಳೊಳಗೆ ದಾವೆ ಹಾಕಿ ಸ್ವಾಧೀನ ವಾಪಸ್ ಪಡೆಯಬಹುದು. ಹಕ್ಕು ಯಾರದು ಅನ್ನೋ ಪ್ರಶ್ನೆ ಅಲ್ಲಿ ಅಡ್ಡ ಬರೋದಿಲ್ಲ. ಆದರೆ ಹೊರಗೆ ಹೋಗಿ ಒಳಗೆ ಬರೋದಕ್ಕಿಂತ ಒಳಗೇ ಇದ್ದು ತಡೆಯಾಜ್ಞೆ ಕೇಳೋದು ಸುಲಭ.

ಬಾಡಿಗೆ ಈಗ ನಾನೇ ಕಟ್ಟೋದು, ಮನಿ ನಂದು ಅಂತ ಅಣ್ಣ ಹೇಳುತ್ತಿದ್ದ. ಹಾಗಲ್ಲ. ಬಾಡಿಗೆದಾರ ತೀರಿಕೊಂಡರೆ ಬಾಡಿಗೆ ಹಕ್ಕು ಅವರ ವಾರಸುದಾರರಿಗೆಲ್ಲ ಜಂಟಿಯಾಗಿ ಬರುತ್ತದೆ ಅಂತ ಸುಪ್ರೀಂ ಕೋರ್ಟ್ 1989ರ ಎಚ್.ಸಿ. ಪಾಂಡೆ ಪ್ರಕರಣದಲ್ಲಿ ಹೇಳಿದೆ. ಅಂದರೆ ಅವ್ವ, ಅಣ್ಣ, ನಾನು ಮೂವರೂ. ಇದರಲ್ಲೇ ಒಂದು ಅಪಾಯವೂ ಇದೆ. ಮಾಲೀಕರು ಜಂಟಿ ಬಾಡಿಗೆದಾರರಲ್ಲಿ ಒಬ್ಬರಿಗೆ ಮನೆ ಬಿಡುವ ನೋಟಿಸ್ ಕೊಟ್ಟರೂ ಎಲ್ಲರಿಗೂ ಕೊಟ್ಟ ಹಾಗೆ. ನಮ್ಮ ಬಾಡಿಗೆ ತಿಂಗಳಿಗೆ 3,500 ರೂಪಾಯಿಗಿಂತ ಜಾಸ್ತಿ ಇದ್ದದ್ದರಿಂದ 1999ರ ಕರ್ನಾಟಕ ಬಾಡಿಗೆ ಕಾಯ್ದೆಯ ರಕ್ಷಣೆ ಇಲ್ಲ. ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಕಲಂ ಪ್ರಕಾರ 15 ದಿನದ ನೋಟಿಸ್ ಸಾಕು. ಅಣ್ಣ ಮಾಲೀಕರನ್ನು ಒಲಿಸಿಕೊಂಡು ತನ್ನ ಕೈಗೆ ಒಂದು ನೋಟಿಸ್ ಪಡೆದಿದ್ದರೆ ನಮ್ಮ ಗತಿ? ಅದಕ್ಕೇ ಮಾಲೀಕರಿಗೆ ನೇರವಾಗಿ ಪತ್ರ ಬರೆದೆ. ನಾವು ಹಿಂದಿನ ಭಾಗದಲ್ಲಿ ಇದ್ದೇವೆ, ಇನ್ನು ಮುಂದೆ ನಮ್ಮ ಪಾಲಿನ ಬಾಡಿಗೆ ನಿಮ್ಮ ಖಾತೆಗೇ ಬರುತ್ತದೆ, ನೋಟಿಸ್ ಇದ್ದರೆ ನಮಗೂ ಕಳಿಸಿ ಅಂತ. ಸ್ಪೀಡ್ ಪೋಸ್ಟ್ ರಸೀದಿ ಕಡತಕ್ಕೆ ಹೋಯಿತು.

ಕೇಸು ದಾಖಲಾಗುವ ಮೊದಲೇ ಲೋಕ ಅದಾಲತ್‌ನಲ್ಲಿ ರಾಜಿಗೆ ಕೂರಿಸಿದರು. ಹೊರಗೆ ಕಾಕಾ, ಮಾಮಾ ಎಲ್ಲ ಸೇರಿ, ಅಣ್ಣನ ಮುಂದೆ ಇಷ್ಟು ಹಟ ಯಾಕೆ ಅಂತ ಅಂದರು. ಒಳಗೆ ಆ ಮಾತು ಯಾರೂ ಆಡಲಿಲ್ಲ. ನಾನು ಬ್ಯಾಂಕ್ ಲೆಕ್ಕ ಇಟ್ಟೆ, ಅಪ್ಪ ಕೊಟ್ಟ ಅಡ್ವಾನ್ಸ್ ರಸೀದಿ ಇಟ್ಟೆ. ಆ ಮನೆಯಲ್ಲೇ ಬದುಕಬೇಕು ಅಂತ ನನಗೂ ಇರಲಿಲ್ಲ. ಅವ್ವನನ್ನು ಬೀದಿಗೆ ತಳ್ಳಿದ ಹಾಗೆ ಹೋಗಬಾರದು, ಅಷ್ಟೇ. ಕೊನೆಗೆ ಆದದ್ದು ಇಷ್ಟು. ಬೇಸಿಗೆ ಮುಗಿಯುವವರೆಗೆ ನಾವು ಹಿಂದಿನ ಭಾಗದಲ್ಲಿ ಇರೋದು, ಅಡ್ವಾನ್ಸ್‌ನಲ್ಲಿ ಅವ್ವನ ಪಾಲು, ನನ್ನ ಪಾಲು ಮೊದಲು ಕೈಗೆ ಬರೋದು, ಆಮೇಲೆ ಬೀಗದ ಕೈ ಕೊಡೋದು. ಟೈರಿನ ಖರ್ಚು ಅಣ್ಣನದು. ಇದನ್ನೆಲ್ಲ ಅವಾರ್ಡ್, ಅಂದರೆ ಲೋಕ ಅದಾಲತ್‌ನ ತೀರ್ಪು ಅಂತ ಬರೆಸಿದೆವು. ಅದಕ್ಕೆ ಸಿವಿಲ್ ಕೋರ್ಟಿನ ಡಿಕ್ರಿಯಷ್ಟೇ ಬಲ, ಮೇಲ್ಮನವಿ ಇಲ್ಲ. ಮನೆಯಲ್ಲಿ ಹಿರಿಯರ ಮುಂದೆ ಮಾಡುವ ಬಾಯಿಮಾತಿನ ರಾಜಿಗೂ ಇದಕ್ಕೂ ಇರುವ ವ್ಯತ್ಯಾಸ ಇದೇ.

ಈಗ ನಾವು ಸೇಡಂ ರಸ್ತೆ ಕಡೆ ಇದ್ದೇವೆ. ಕರಾರಿನಲ್ಲಿ ಅವ್ವನ ಹೆಸರು, ನನ್ನ ಹೆಸರು ಎರಡೂ ಇವೆ. ಗಾಡಿ ನಿಲ್ಲಿಸುವ ಜಾಗವನ್ನೂ ಅಳತೆ ಸಮೇತ ಬರೆಸಿದ್ದೇನೆ. ಛಾಪಾ ಶುಲ್ಕ ಸರಿಯಾಗಿ ಕಟ್ಟಿದ್ದೇವೆ. ಅದು ಕಡಿಮೆ ಬಿದ್ದರೆ ಬೇಕಾದಾಗ ಆ ಕಾಗದ ಸಾಕ್ಷಿಗೆ ಬರಬೇಕಂದರೆ ಮೊದಲು ದಂಡ ಕಟ್ಟಬೇಕಾಗುತ್ತದೆ.

ಅಪ್ಪನ ಸ್ಕೂಟರ್ ಒಂದು ಉಳಿದಿತ್ತು. ಆರ್‌ಸಿ ಅಪ್ಪನ ಹೆಸರಲ್ಲೇ ಇತ್ತು, ಹಾಗಾಗಿ ಅದರಲ್ಲಿ ಮೂವರಿಗೂ ಹಕ್ಕು. ಅಣ್ಣ ಅದನ್ನೇ ಓಡಿಸುತ್ತಿದ್ದ. ಅದು ಅವನಿಗೇ ಇರಲಿ ಅಂತ ಅವ್ವ ಹೇಳಿದಳು, ನನಗೂ ಸರಿ ಅನಿಸಿತು. ಮರಣ ಪ್ರಮಾಣಪತ್ರ, ನಮ್ಮಿಬ್ಬರ ಒಪ್ಪಿಗೆ ಪತ್ರ ಇಟ್ಟು ಆರ್‌ಟಿಓದಲ್ಲಿ ಫಾರ್ಮ್ 31 ಕೊಡಿಸಿದೆವು. ಸ್ಕೂಟರ್ ಅಣ್ಣನ ಹೆಸರಿಗೆ ಆಯಿತು.