ಮೊದಲು ಪೆಟ್ಟಿಗೆ, ಆಮೇಲೆ ಆಧಾರ್

ವಿಜಯಪುರದಲ್ಲಿ ವಸತಿರಹಿತರ ಆಶ್ರಯ ಕೇಂದ್ರವೊಂದನ್ನು ನೋಡಿಕೊಳ್ಳುವುದು ನನ್ನ ಕೆಲಸ. ನಡೆಸುವವರು ನಮ್ಮ ಸ್ವಸಹಾಯ ಸಂಘಗಳ ಒಕ್ಕೂಟದ ಹೆಣ್ಣುಮಕ್ಕಳು. 2013ರಲ್ಲಿ ಶುರುವಾದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿ ಪ್ರಕಾರ ಒಬ್ಬರಿಗೆ 50 ಚದರ ಅಡಿ ಜಾಗ ಇರಬೇಕು, ಲಕ್ಷ ಜನಸಂಖ್ಯೆಗೆ ನೂರು ಜನರಿಗಾಗುವಷ್ಟು ಕಾಯಂ ಆಶ್ರಯ ಇರಬೇಕು, ಬಾಗಿಲು ವರ್ಷವಿಡೀ ತೆರೆದಿರಬೇಕು. ನಮ್ಮೂರು 2011ರ ಜನಗಣತಿಯಲ್ಲೇ ಮೂರು ಲಕ್ಷ ದಾಟಿದೆ. ಆ ಲೆಕ್ಕಕ್ಕೆ ಮುನ್ನೂರು ಜನರಿಗೆ ಜಾಗ ಬೇಕು.

ಆದರೆ ಇದ್ದ ಮಂಚಗಳೇ ಮೊದಮೊದಲು ತುಂಬುತ್ತಿರಲಿಲ್ಲ. ಸಿದ್ಧೇಶ್ವರ ಜಾತ್ರೆ ಹೊತ್ತಿನ ಥಂಡಿಯಲ್ಲೂ ಜನ ರೈಲ್ವೆ ಸ್ಟೇಷನ್ ಹೊರಗೆ, ಮಾರ್ಕೆಟ್ ಕಟ್ಟೆ ಮೇಲೆ ಕೌದಿ ಹೊದ್ದು ಮಲಗುತ್ತಿದ್ದರು. ಕರೆಯಲು ಹೋದರೆ ಅವರಿಗೆ ಹೆದರಿಕೆ. "ಅಕ್ಕಾರ, ಅಲ್ಲಿ ಒಯ್ದ್ರ ಹೊರಗ ಬಿಡಂಗಿಲ್ಲಂತ, ಖರೇನ್ರಿ?" ಅಂತ ಕೇಳುತ್ತಿದ್ದರು. 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ಹಿಡಿದು ನಿರಾಶ್ರಿತರ ಪರಿಹಾರ ಕೇಂದ್ರಕ್ಕೆ ಸಾಗಿಸುವುದನ್ನು ಅವರು ಕೇಳಿದವರು, ಕೆಲವರು ಕಂಡವರು. ಎರಡೂ ಬೇರೆ ಎಂದು ಮಾತಿನಲ್ಲಿ ಹೇಳಿದರೆ ನಂಬುವವರು ಕಡಿಮೆ. ನಾವು ಹಗಲು ಹೊತ್ತಿನಲ್ಲಿ ಕರೆತಂದು, ಚಹಾ ಕುಡಿಸಿ, ತಿರುಗಿ ಕಳಿಸಲು ಶುರುಮಾಡಿದೆವು. ಬಂದವರು ಬೇಕಾದಾಗ ಹೊರಗೆ ಹೋಗಬಹುದು ಎಂದು ಹಾಗೆ ಗೊತ್ತಾಯಿತು.

ಇನ್ನೊಂದು ಅಡ್ಡಿ ಗಂಟು. ಬಟ್ಟೆ, ತಾಟು, ಸತ್ತ ಗಂಡನ ಫೋಟೋ, ಎಲ್ಲಾ ಅದರಲ್ಲೇ. ಪರರ ನಡುವೆ ಅದನ್ನು ಬಿಟ್ಟು ಹೇಗೆ ಮಲಗುತ್ತಾರೆ? ತಗಡಿನ ಪೆಟ್ಟಿಗೆ ಇಟ್ಟು, ಕೀಲಿಕೈ ಅವರ ಕೈಗೇ ಕೊಟ್ಟೆವು. ಆಮೇಲೆ ಬರುವವರು ಹೆಚ್ಚಾದರು. ಹೊಸ ಕೇಂದ್ರ ಮಾಡುವವರು ಗೋಡೆಗೆ ಬಣ್ಣ ಹಚ್ಚುವ ಮೊದಲು ಪೆಟ್ಟಿಗೆ ತರಲಿ ಎನ್ನುತ್ತೇನೆ.

ನಿಜವಾದ ಕೆಲಸ ಶುರುವಾಗುವುದು ಅಲ್ಲಿಂದ. ವಿಳಾಸವಿಲ್ಲದವರಿಗೆ ಆಧಾರ್ ಇಲ್ಲ. ಆಧಾರ್ ಇಲ್ಲದಿದ್ದರೆ ರೇಷನ್ ಇಲ್ಲ, ಪಿಂಚಣಿ ಇಲ್ಲ. ಮಾನ್ಯತೆ ಪಡೆದ ಆಶ್ರಯ ಕೇಂದ್ರದ ಮುಖ್ಯಸ್ಥರು ನಿಗದಿತ ನಮೂನೆಯಲ್ಲಿ ಬರೆದುಕೊಡುವ ಪ್ರಮಾಣಪತ್ರ ವಿಳಾಸಕ್ಕೆ ಪುರಾವೆಯಾಗುತ್ತದೆ. ಇದು ಬಹಳ ಜನರಿಗೆ ತಿಳಿದಿಲ್ಲ. ಹಮಾಲಿ ಮಾಡಿ, ಪಾತ್ರೆ ತಿಕ್ಕಿ ಸವೆದ ಬೆರಳಿನ ಗುರುತು ಮಷಿನ್ನಿಗೆ ಬರುವುದಿಲ್ಲ, ಆಗ ಕಣ್ಣಿನ ಗುರುತು ತೆಗೆಯಿರಿ ಎಂದು ನಾವೇ ಕೇಳಬೇಕು. ವಯಸ್ಸಿನದು ಇನ್ನೂ ನಾಜೂಕು. "ಎಷ್ಟ ವಯಸ್ಸ ಯಜ್ಜಾ?" ಅಂದರೆ "ಐವತ್ತೋ ಅರವತ್ತೋ ಇರಬೇಕವ್ವ" ಅನ್ನುತ್ತಾರೆ. ಅವರು ಬಾಯಿಗೆ ಬಂದಂತೆ ಹೇಳಿದ್ದನ್ನು ಬರೆಸಿಬಿಟ್ಟರೆ, 65 ತುಂಬಿದವರಿಗೆ ಸಿಗುವ ಸಂಧ್ಯಾ ಸುರಕ್ಷೆಯ ತಿಂಗಳ 1,200 ರೂಪಾಯಿ ವರ್ಷಗಟ್ಟಲೆ ಕೈತಪ್ಪುತ್ತದೆ. ಒಮ್ಮೆ ಬರೆಸಿದ ಹುಟ್ಟಿದ ದಿನಾಂಕ ಮತ್ತೆ ಮತ್ತೆ ತಿದ್ದಿಸಲು ಬರುವುದಿಲ್ಲ. ಅದಕ್ಕೆ ನಾನು ಮೊದಲು ಕೇಳುವುದು, "ಎಪ್ಪತ್ತೆರಡರ ಬರದಾಗ ನೀ ಎಷ್ಟ ದೊಡ್ಡಾಂವ ಇದ್ದಿ? ಗಂಜಿ ಕೇಂದ್ರಕ್ಕ ಹೋಗಿದ್ದೇನು, ಜಲ್ಲಿ ಒಡ್ಯಾಕ ಹೋಗಿದ್ದೇನು?" 1972ರ ಆ ಬರವನ್ನು ಈ ಕಡೆಯ ಮುದುಕರು ಯಾರೂ ಮರೆತಿಲ್ಲ. ಬರಗಾಲದ ಕಾಮಗಾರಿಯಲ್ಲಿ ಕಲ್ಲು ಒಡೆದೆ ಅಂದವನು ಆಗಲೇ ದುಡಿಯುವ ಹುಡುಗ, ಅಲ್ಲಿಂದ ಲೆಕ್ಕ ಹಿಡಿಯಬಹುದು.

ಇನ್ನು ಮನೆ. 2015ರ ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಸ್ವಂತ ಜಾಗದಲ್ಲಿ ಕಟ್ಟಿಕೊಳ್ಳುವವರಿಗೆ ಕೇಂದ್ರದಿಂದ ಒಂದೂವರೆ ಲಕ್ಷ ಇತ್ತು. ಆದರೆ ಉತಾರ, ಅಂದರೆ ಜಾಗ ತಮ್ಮದೆಂಬ ದಾಖಲೆ ಬೇಕು. ಫ್ಲ್ಯಾಟ್ ಮಾದರಿಯ ಮನೆಗೆ ಫಲಾನುಭವಿಯೂ ವಂತಿಗೆ ಕಟ್ಟಬೇಕು. ಕಟ್ಟೆ ಮೇಲೆ ಮಲಗುವವರ ಹತ್ತಿರ ಎರಡೂ ಇಲ್ಲ. ಬಡವರಲ್ಲೇ ಕಡುಬಡವರನ್ನು ಈ ಯೋಜನೆಗಳು ದಾಟಿಕೊಂಡು ಹೋಗುತ್ತವೆ, ಇದು ನನಗೆ ಸಹಿಸಲಾಗದ ಸಂಗತಿ.

ನಾವು ಹಿಡಿದ ದಾರಿ ಬಾಡಿಗೆ ಖೋಲಿ. ಪಿಂಚಣಿ ಶುರುವಾದ ಇಬ್ಬರನ್ನು ಜೊತೆ ಮಾಡುತ್ತೇವೆ. ಡಿಪಾಜಿಟ್ಟಿಗೆ ಒಕ್ಕೂಟ ಬಡ್ಡಿಯಿಲ್ಲದೆ ಕೊಡುತ್ತದೆ, ಅವರು ತಿಂಗಳು ತಿಂಗಳು ತೀರಿಸುತ್ತಾರೆ. ಮನೆ ಮಾಲೀಕರಿಗೆ ಜಾಮೀನು ನಾವೇ. ಮೊದಲ ಕೆಲ ತಿಂಗಳು ವಾರಕ್ಕೊಮ್ಮೆ ಹೋಗಿ ನೋಡಿಕೊಂಡು ಬರುತ್ತೇವೆ, ಏಕೆಂದರೆ ಬಾಡಿಗೆ ತಪ್ಪುವುದು ಬಹುಮಟ್ಟಿಗೆ ಜಡ್ಡು ಬಿದ್ದಾಗ.

2024ರಲ್ಲಿ ಬಂದ ಆವಾಸ್ ಯೋಜನೆಯ ಎರಡನೇ ಹಂತದಲ್ಲಿ ಕೈಗೆಟುಕುವ ಬಾಡಿಗೆ ಮನೆಗಳ ವಿಭಾಗವೂ ಇದೆ, ವಸತಿರಹಿತರ ಹೆಸರೂ ಅದರಲ್ಲಿದೆ. ಪಾಲಿಕೆಯವರು ಅಂಥ ಮನೆಗಳನ್ನು ಕಟ್ಟುವುದಾದರೆ ಊರ ಹೊರಗೆ ಬೇಡ, ಮಾರ್ಕೆಟ್ಟಿಗೆ ನಡೆದು ಹೋಗುವಷ್ಟು ಹತ್ತಿರ ಕಟ್ಟಲಿ. ಬೆಳಿಗ್ಗೆ ನಾಲ್ಕಕ್ಕೆ ತರಕಾರಿ ಲಾರಿ ಇಳಿಸುವ ಮನುಷ್ಯನಿಗೆ ಆ ಹೊತ್ತಿನಲ್ಲಿ ಯಾವ ಬಸ್ಸೂ ಇಲ್ಲ.