ಯುರೋಪಿನ ನೆಂಟರ ಮನೆಗಳಿಗೆ ಕಾರಿನಲ್ಲಿ ಹೋಗುವುದು ಹೇಗೆ?

ನೆದರ್ಲೆಂಡ್ಸ್‌ನ ಐಂಧೋವನ್‌ನಲ್ಲಿ ಅಕ್ಕನ ಮಗ, ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಚಿಕ್ಕಪ್ಪನ ಮಗಳು, ಲಕ್ಸೆಂಬರ್ಗ್‌ನಲ್ಲಿ ಭಾವಮೈದ. ಬೆಂಗಳೂರು, ಮೈಸೂರಿನ ಎಷ್ಟೋ ಮನೆಗಳ ಬಳಗ ಈಗ ಹೀಗೆ ಹರಡಿಕೊಂಡಿದೆ. ಅಜ್ಜ, ಅಜ್ಜಿ, ಮಕ್ಕಳು ಎಲ್ಲರೂ ಸೇರಿ ಒಂದೇ ಸಲ ಇವರನ್ನೆಲ್ಲ ನೋಡಿ ಬರಬೇಕೆಂದರೆ ಬಾಡಿಗೆ ಕಾರೇ ಅನುಕೂಲ. ಸೂಟ್‌ಕೇಸ್ ಎಳೆದುಕೊಂಡು ರೈಲಿನಿಂದ ರೈಲಿಗೆ ಹತ್ತಿ ಇಳಿಯುವುದು ವಯಸ್ಸಾದವರಿಗೆ ತುಂಬಾ ಕಷ್ಟ.

ಮೊದಲು ನೆಂಟರಿಗೆ ಫೋನ್ ಮಾಡಿ

ಮ್ಯಾಪ್ ಆಮೇಲೆ ನೋಡಿದರಾಯಿತು. ಸೋಮವಾರದಿಂದ ಶುಕ್ರವಾರದವರೆಗೆ ಅವರಿಗೆ ಕೆಲಸ, ಮಕ್ಕಳಿಗೆ ಶಾಲೆ. ಹಾಗಾಗಿ ಶನಿವಾರ, ಭಾನುವಾರ ನೆಂಟರ ಮನೆಗೆ, ನಡುವಿನ ದಿನಗಳು ಹೋಟೆಲಿಗೆ, ಊರು ನೋಡುವುದಕ್ಕೆ ಎಂದು ಲೆಕ್ಕ ಹಾಕಿ. ಒಂದೊಂದು ಮನೆಯಲ್ಲಿ ಎರಡು ರಾತ್ರಿಯಾದರೂ ಇರಿ. ಒಂದೇ ರಾತ್ರಿಯಾದರೆ ಬ್ಯಾಗು ಬಿಚ್ಚುವುದು, ಕಟ್ಟುವುದು ಇಷ್ಟೇ ಆಗುತ್ತದೆ. ಅಷ್ಟು ದೂರ ಹೋಗಿ ನೆಮ್ಮದಿಯಾಗಿ ಕೂತು ಮಾತಾಡದೆ ಬಂದರೆ ಏನು ಬಂತು, ಅಲ್ವಾ?

ವೀಸಾ

ಷೆಂಗೆನ್ ವೀಸಾ ಒಂದಿದ್ದರೆ ಯುರೋಪಿನ 29 ದೇಶ ಓಡಾಡಬಹುದು. ಯಾವ ದೇಶದಲ್ಲಿ ಜಾಸ್ತಿ ದಿನ ಇರುತ್ತೀರೋ ಆ ದೇಶಕ್ಕೆ ಅರ್ಜಿ ಹಾಕಬೇಕು. ದಿನಗಳು ಸಮವಾಗಿದ್ದರೆ ಮೊದಲು ಕಾಲಿಡುವ ದೇಶಕ್ಕೆ. ದೊಡ್ಡವರಿಗೆ ಶುಲ್ಕ 90 ಯೂರೊ, 6ರಿಂದ 12 ವರ್ಷ ತುಂಬುವವರೆಗಿನ ಮಕ್ಕಳಿಗೆ 45. ಕನಿಷ್ಠ 30,000 ಯೂರೊ ಮೊತ್ತದ ಪ್ರವಾಸ ವಿಮೆ ಬೇಕು. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ತೆಗೆದುಕೊಳ್ಳುತ್ತಾರೆ.

ಜನ ಕೊನೆಗಳಿಗೆಗೆ ಒದ್ದಾಡುವುದು ನೆಂಟರು ಕಳಿಸಬೇಕಾದ ಆಹ್ವಾನದ ಕಾಗದಕ್ಕೆ. ನೆದರ್ಲೆಂಡ್ಸ್‌ನಲ್ಲಿ ಅದಕ್ಕೆಂದೇ ಇರುವ ಫಾರಂ ತುಂಬಿ ನಗರಸಭೆಯಲ್ಲಿ ಸಹಿ ದೃಢೀಕರಿಸಬೇಕು. ಜರ್ಮನಿಯಲ್ಲಿ ನಿಮ್ಮ ಖರ್ಚು ತಮ್ಮದೆಂದು ನೆಂಟರು ಹೊಣೆ ಹೊರುವುದಾದರೆ ವಿದೇಶಿಯರ ಕಚೇರಿಗೆ ಹೋಗಿ ಬರೆದುಕೊಡಬೇಕು. ಈ ಕಚೇರಿಗಳಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದಕ್ಕೇ ವಾರಗಳು ಹಿಡಿಯಬಹುದು. ಮೂರು ತಿಂಗಳು ಮುಂಚೆಯೇ ಹೇಳಿಬಿಡಿ.

ಲೈಸೆನ್ಸ್ ಮತ್ತು ಕಾರು

ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿ. ಒಂದು ವರ್ಷ ನಡೆಯುತ್ತದೆ. ಊರಿನ ಲೈಸೆನ್ಸೂ ಜೊತೆಗಿರಲಿ. ಕಾರು ಬುಕ್ ಮಾಡುವಾಗ ಆಟೊಮ್ಯಾಟಿಕ್ ಎಂದು ಕೇಳಿ ಪಡೆಯಿರಿ. ಠೇವಣಿಗೆ ಕ್ರೆಡಿಟ್ ಕಾರ್ಡ್ ಬೇಕಾಗುತ್ತದೆ, ಅದು ಓಡಿಸುವವರ ಹೆಸರಿನಲ್ಲೇ ಇರಬೇಕು. ಯಾವ್ಯಾವ ದೇಶಕ್ಕೆ ಹೋಗುತ್ತೀರಿ ಎಂದು ಮೊದಲೇ ತಿಳಿಸಿ. ಜರ್ಮನಿಯಲ್ಲಿ 12 ವರ್ಷದೊಳಗಿನ, 150 ಸೆಂ.ಮೀ.ಗಿಂತ ಕುಳ್ಳಗಿರುವ ಮಕ್ಕಳಿಗೆ ಚೈಲ್ಡ್ ಸೀಟ್ ಕಡ್ಡಾಯ. ಇನ್ನೊಂದು ಮಾತು: ಏಳು ಸೀಟಿನ ಕಾರಿನಲ್ಲಿ ಏಳೂ ಜನ ಕೂತರೆ ಡಿಕ್ಕಿಯಲ್ಲಿ ಸೂಟ್‌ಕೇಸಿಗೆ ಜಾಗ ಉಳಿಯುವುದಿಲ್ಲ.

ದಾರಿ

ಒಂದು ದೇಶದಲ್ಲಿ ತೆಗೆದುಕೊಂಡ ಕಾರನ್ನು ಇನ್ನೊಂದು ದೇಶದಲ್ಲಿ ಬಿಟ್ಟರೆ ಹೆಚ್ಚುವರಿ ಬಾಡಿಗೆ ದುಬಾರಿ. ಸುತ್ತು ಹಾಕಿ ಹೊರಟಲ್ಲಿಗೇ ಬನ್ನಿ. ನಾನು ಹೇಳುವುದು ಫ್ರಾಂಕ್‌ಫರ್ಟ್‌ನಿಂದ ಹೊರಡುವ ಸುತ್ತು. ಅಲ್ಲಿಂದ ಕಲೋನ್ ಸುಮಾರು 190 ಕಿ.ಮೀ., ಮುಂದೆ ಐಂಧೋವನ್, ಬೆಲ್ಜಿಯಂನ ಲಿಯೇಜ್ ಮೇಲೆ ಲಕ್ಸೆಂಬರ್ಗ್, ಫ್ರಾನ್ಸಿನ ಸ್ಟ್ರಾಸ್‌ಬರ್ಗ್, ಸ್ಟುಟ್‌ಗಾರ್ಟ್, ಮತ್ತೆ ಫ್ರಾಂಕ್‌ಫರ್ಟ್. ಒಂದು ಊರಿಂದ ಇನ್ನೊಂದಕ್ಕೆ ಎರಡು ಮೂರು ಗಂಟೆ ಅಷ್ಟೇ. ಜರ್ಮನಿಯಲ್ಲಿ ತೆಗೆದುಕೊಂಡ ಕಾರಿಗೆ ಹೊಗೆ ನಿಯಮಕ್ಕೆ ಒಪ್ಪುವ ಗಾಡಿಯೆಂದು ತೋರಿಸುವ ಹಸಿರು ಸ್ಟಿಕ್ಕರ್ ಸಾಮಾನ್ಯವಾಗಿ ಅಂಟಿಸಿಯೇ ಇರುತ್ತದೆ. ಅದಿಲ್ಲದೆ ಕಲೋನ್‌ನಂಥ ಊರುಗಳ ಒಳಗೆ ಹೋಗುವಂತಿಲ್ಲ. ಈ ಸುತ್ತಿನಲ್ಲಿ ಟೋಲ್ ಇರುವುದು ಫ್ರಾನ್ಸಿನಲ್ಲಿ ಮಾತ್ರ. ಬೂತಿನಲ್ಲಿ ಚೀಟಿ ತೆಗೆದುಕೊಂಡು ಇಳಿಯುವಲ್ಲಿ ಕಾರ್ಡಿನಿಂದ ಕಟ್ಟಿ. ಸ್ವಿಟ್ಜರ್ಲೆಂಡಿಗೂ ಹೋಗುವುದಾದರೆ ಹೆದ್ದಾರಿಗೆ ವರ್ಷದ ವಿನ್ಯೆಟ್ (ಟೋಲ್ ಸ್ಟಿಕ್ಕರ್) ಬೇಕು, 40 ಫ್ರಾಂಕ್. ಲಕ್ಸೆಂಬರ್ಗ್‌ನಲ್ಲಿ ಪೆಟ್ರೋಲ್ ಅಕ್ಕಪಕ್ಕದ ದೇಶಗಳಿಗಿಂತ ಅಗ್ಗ, ಅಲ್ಲೇ ಟ್ಯಾಂಕ್ ತುಂಬಿಸಿ. 2020ರಿಂದ ಅಲ್ಲಿ ಬಸ್ಸು, ಟ್ರಾಮ್ ಎಲ್ಲರಿಗೂ ಉಚಿತ. ಕಾರು ನಿಲ್ಲಿಸಿ ಊರೆಲ್ಲ ಸುತ್ತಬಹುದು.

ಓಡಿಸುವಾಗ

ಅಲ್ಲಿ ಗಾಡಿ ಓಡಿಸುವುದು ರಸ್ತೆಯ ಬಲಗಡೆ. ಮೊದಲ ದಿನ ಇಂಡಿಕೇಟರ್ ಹಾಕಲು ಹೋದರೆ ವೈಪರ್ ಓಡುತ್ತದೆ. ನಮ್ಮಲ್ಲಿ ಬಲಗೈಗೆ ಸಿಗುವ ಕಡ್ಡಿ ಅಲ್ಲಿ ಎಡಗೈಗೆ. ವಿಮಾನ ಇಳಿದ ದಿನವೇ ದೂರ ಓಡಿಸಬೇಡಿ. ಪಾರ್ಕಿಂಗ್ ಜಾಗದಲ್ಲೇ ಎರಡು ಸುತ್ತು ಹಾಕಿ ಕೈ ಪಳಗಿಸಿಕೊಳ್ಳಿ. ಎಡಕ್ಕೆ ತಿರುಗಿದ ಮೇಲೆ ಬಲಗಡೆಯ ಲೇನಿಗೆ ಹೋಗುವುದನ್ನು ಪಕ್ಕದಲ್ಲಿ ಕೂತವರು ಗಟ್ಟಿಯಾಗಿ ನೆನಪಿಸುತ್ತಿರಲಿ. ಹೆದ್ದಾರಿಯಲ್ಲಿ ಎಡಗಡೆಯಿಂದ ಮಾತ್ರ ಓವರ್‌ಟೇಕ್. ಸಿಗ್ನಲ್ಲು, ಬೋರ್ಡು ಯಾವುದೂ ಇಲ್ಲದ ಕೂಡುದಾರಿಯಲ್ಲಿ ಬಲಗಡೆಯಿಂದ ಬರುವ ಗಾಡಿಗೆ ದಾರಿ ಬಿಡಲೇಬೇಕು, ಅದು ಚಿಕ್ಕ ಗಲ್ಲಿಯಿಂದ ಬಂದರೂ ಸರಿ.

ಜರ್ಮನಿಯಲ್ಲಿ ಕೆಲವು ಕಡೆ ಕಾರು ನಿಲ್ಲಿಸಲು ಬಂದ ಸಮಯ ತೋರಿಸುವ, ಗಡಿಯಾರದಂಥ ನೀಲಿ ಬಿಲ್ಲೆ ಸಾಕು. ಅದರ ಮುಳ್ಳನ್ನು ನೀವು ಬಂದ ಸಮಯದ ನಂತರದ ಅರ್ಧ ಗಂಟೆಗೆ ತಿರುಗಿಸಿ ಗಾಜಿನ ಹಿಂದೆ ಇಡಬೇಕು. 10.10ಕ್ಕೆ ಬಂದರೆ 10.30. ನೆಂಟರ ಬೀದಿಯಲ್ಲಿ ನಿವಾಸಿಗಳಿಗೆ ಮಾತ್ರ ಪಾರ್ಕಿಂಗ್ ಇದೆಯೇ ಎಂದು ಮೊದಲೇ ಕೇಳಿಟ್ಟುಕೊಳ್ಳಿ.

ಬ್ಯಾಗಿನಲ್ಲಿ ಏನು?

ಅಲ್ಲಿರುವವರು ಬಾಯಿಬಿಟ್ಟು ಕೇಳುವುದು ಕರಿಬೇವು, ಮಾವಿನಹಣ್ಣು, ಮನೆಯ ತುಪ್ಪ. ಈ ಮೂರೂ ಬೇಡ. ಹಾಲಿನ ಪದಾರ್ಥ, ಮಾಂಸ ಒಯ್ಯುವಂತಿಲ್ಲ. ಹಸಿ ಸೊಪ್ಪು, ಮಾವಿನಹಣ್ಣಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಚಟ್ನಿಪುಡಿ, ಸಾರಿನಪುಡಿ, ಪುಳಿಯೋಗರೆ ಗೊಜ್ಜು, ಉಪ್ಪಿನಕಾಯಿ ಧಾರಾಳವಾಗಿ ಕಟ್ಟಿಕೊಳ್ಳಿ. ಗೊಜ್ಜು, ಉಪ್ಪಿನಕಾಯಿ ಚೆಕ್-ಇನ್ ಬ್ಯಾಗಿನಲ್ಲಿರಲಿ. ಜರ್ಮನಿಯಲ್ಲಿ ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಶನಿವಾರ ನೆಂಟರ ಮನೆ ತಲುಪುವ ಮುಂಚೆಯೇ ಹಾಲು, ಮೊಸರು, ತರಕಾರಿ ಕೊಂಡು ಹೋದರೆ ಅವರಿಗೂ ಹಗುರ.