200 ಎಲೆಗೆ ಅವರೆಕಾಳು-ಬದನೆಕಾಯಿ ಬಾಡಿನ ಸಾರು: ಬೇರೆ ಬೇರೆ ಬೇಯಿಸಿ ಕೂಡಿಸಿದ ಅನುಭವ

ಮಟನ್, ಕಾಳು, ತರಕಾರಿ ಎಲ್ಲಾ ಒಂದೇ ಕೊಪ್ಪರಿಗೆಗೆ ಸುರಿದು ಕುದಿಸಿದರೇ ರುಚಿ ಕೂಡೋದು ಅಂತ ನಮ್ಮ ದುರ್ಗದ ಕಡೆ ಹಳೇ ಅಡುಗೆಯವರ ವಾದ. ಹತ್ತು ಜನಕ್ಕಾದರೆ ಒಪ್ಪೋಣ. 200 ಎಲೆಗೆ ಹಾಗೆ ಮಾಡಿದರೆ ಬದನೆಕಾಯಿ ಕರಗಿ ತೊಟ್ಟು ಮಾತ್ರ ತೇಲುತ್ತೆ, ಕಾಳು ಕಲ್ಲಿನ ಹಾಗೆ ಉಳಿಯುತ್ತೆ. ಬೇರೆ ಬೇರೆ ಬೇಯಿಸ್ತೀನಿ ಅಂದಾಗ ನಕ್ಕವರೇ ಈಗ ಅಳತೆ ಕೇಳ್ತಿದ್ದಾರೆ. ನೆನಪಿದ್ದಷ್ಟು ಬರೀತೀನಿ.

ಮಟನ್ 30 ಕೆ.ಜಿ., ಒಣ ಅವರೆಕಾಳು 6, ಬದನೆಕಾಯಿ 8, ಆಲೂಗಡ್ಡೆ 8, ಈರುಳ್ಳಿ 5. ಖಾರಕ್ಕೆ ಬ್ಯಾಡಗಿ ಒಂದು ಕೆ.ಜಿ., ಗುಂಟೂರು ಅದರ ಅರ್ಧಕ್ಕಿಂತ ಕಮ್ಮಿ. ಧನಿಯಾ ಒಂದೂವರೆ, ಕೊಬ್ಬರಿ 2, ಹುರಿಗಡಲೆ ಅರ್ಧ ಕೆ.ಜಿ. ಹಸಿ ತೆಂಗಿನಕಾಯಿ ಬೇಡ. ಬೆಳಗ್ಗೆ ಮಾಡಿದ ಸಾರು ಮಧ್ಯಾಹ್ನದ ಕೊನೇ ಪಂಕ್ತಿ ಹೊತ್ತಿಗೆ ಹಳಸೋ ಭಯ. ಕಡಲೆಕಾಯಿ ಎಣ್ಣೆ 2 ಲೀಟರ್ ಸಾಕು, ಕುರಿ ಚರ್ಬಿಯೇ ಬೇಕಾದಷ್ಟು ಬಿಡುತ್ತೆ.

ಕೆಟ್ಟಿದ್ದೆಲ್ಲಾ ಕಾಳಿನಲ್ಲೇ. ನಮ್ಮ ಬೋರ್‌ವೆಲ್ ನೀರು ಗಡಸು. ಅದರಲ್ಲಿರೋ ಸುಣ್ಣದಂಶ ಕಾಳಿನ ಸಿಪ್ಪೆಗೆ ಕಚ್ಚಿಕೊಂಡರೆ ಎರಡು ತಾಸು ಕುದಿಸಿದರೂ ನಡು ಮೆತ್ತಗಾಗಲ್ಲ. ಸೋಡಾ ಹಾಕಿದರೆ ಬೇಯುತ್ತೆ, ಆದರೆ ಸಿಪ್ಪೆ ಬಿಟ್ಟು ಲೋಳೆಯಾಗಿ ಸೋಪಿನ ವಾಸನೆ. ಪಂಚಾಯಿತಿಯ ಶುದ್ಧ ನೀರಿನ ಘಟಕದಿಂದ 20 ಲೀಟರ್ ಕ್ಯಾನು ತಂದೆ, ಒಂದಕ್ಕೆ 5 ರೂಪಾಯಿ. ನೆನೆಸೋಕೂ ಅದೇ, ಬೇಯಿಸೋಕೂ ಅದೇ. ಮುಕ್ಕಾಲು ಗಂಟೆಯಲ್ಲಿ ಬೆಂದವು. ದಾವಣಗೆರೆಯಲ್ಲಿ ನಲ್ಲಿ ನೀರಿಗೆ ಈ ಗೋಳಿಲ್ಲ. ಕಾಳಿನ ಕಟ್ಟು, ಅಂದರೆ ಬೇಯಿಸಿದ ನೀರು ಚೆಲ್ಲಬೇಡಿ, ಪೂರ್ತಿ ಸಾರಿಗೇ ಹೋಗಬೇಕು. ರುಚಿ ಕೂಡಲ್ಲ ಅನ್ನೋರಿಗೆ ಉತ್ತರ ಆ ಕಟ್ಟಿನಲ್ಲೇ ಇದೆ.

ದೊಡ್ಡ ಕೊಪ್ಪರಿಗೆಯಲ್ಲಿ ಈರುಳ್ಳಿ ಕೆಂಪಗೆ ಹುರಿದು ಮೊದಲು ಮೂಳೆ, ಕುತ್ತಿಗೆ, ತೊಡೆಯ ಕೀಲು ಹಾಕಿ, ಅರಿಶಿನ, ಅರ್ಧ ಉಪ್ಪು. ಅರ್ಧ ಗಂಟೆ ಬಿಟ್ಟು ಮೆತ್ತನೆ ತುಂಡು. ತಾನು ಬಿಟ್ಟ ನೀರು ಇಂಗಿ ಎಣ್ಣೆ ಅಂಚಿಗೆ ಬರೋವರೆಗೂ ಬೇರೆ ನೀರು ಸೋಕಿಸಬೇಡಿ. ಆಮೇಲೆ ಹಾಕೋದೂ ಕುದಿಯೋ ನೀರೇ. ಜಾಲಿ ಕಟ್ಟಿಗೆ ಉರಿಯಲ್ಲಿ ಒಂದು ವರ್ಷದ ಕುರಿ ಬೇಯೋಕೆ ಒಂದೂವರೆ ಗಂಟೆ ಹಿಡಿಯುತ್ತೆ. ಮುಕ್ಕಾಲು ಪಾಲು ಬೆಂದಾಗ ಮೆಣಸಿನಕಾಯಿ, ಧನಿಯಾ, ಕೊಬ್ಬರಿ ರುಬ್ಬಿದ ಖಾರ ಮತ್ತು ಆಲೂಗಡ್ಡೆ, ಇಳಿಸೋಕೆ ಕಾಲು ಗಂಟೆ ಇರುವಾಗ ಉಪ್ಪು ನೀರಲ್ಲಿಟ್ಟ ಬದನೆಕಾಯಿ ಮತ್ತು ಬೆಂದ ಕಾಳು. ಹುಣಸೆ ರಸ ಎಲ್ಲಕ್ಕಿಂತ ಕೊನೆಗೆ. ಹುಳಿ ಮುಂಚೆ ಬಿದ್ದರೆ ಆಲೂಗಡ್ಡೆ ಗಟ್ಟಿಯಾಗಿ ನಿಂತುಬಿಡುತ್ತೆ.

ಹುರಿಗಡಲೆ ರುಬ್ಬಿದ್ದನ್ನು ಖಾರದ ಜೊತೆ ಹಾಕಿದರೆ ತಳ ಹಿಡಿಯೋದು ಗ್ಯಾರಂಟಿ. ಕಟ್ಟಿಗೆ ಎಳೆದು ಬರೀ ಕೆಂಡ ಉಳಿಸಿ ಆಮೇಲೆ ಕದಡಿ. ಹಿಡಿದರೂ ಸಟ್ಟುಗದಿಂದ ಕೆರೆಯಬೇಡಿ, ಮೇಲಿನದನ್ನು ಬೇರೆ ಪಾತ್ರೆಗೆ ಬಗ್ಗಿಸಿ. ಗ್ಯಾಸ್ ಬರ್ನರ್‌ನಲ್ಲೂ ಮಾಡಿ ನೋಡಿದೆ. ಉರಿ ನಡುಮಧ್ಯಕ್ಕೇ ಹೊಡೆದು ಒಂದು ತಟ್ಟೆಯಗಲ ಸೀದಿತ್ತು.

ಹರಿಹರದ ಕಡೆಯವರು ರೊಟ್ಟಿಗೆ ಗಟ್ಟಿ ಸಾರು ಕೇಳಿದಾಗ ಮಂಡಕ್ಕಿ ನೆನೆಸಿ ರುಬ್ಬಿ ಹಾಕಿದ್ದೆ. ಬಿಸಿಯಲ್ಲಿ ಚೆನ್ನಾಗಿತ್ತು, ಆರಿದ ಮೇಲೆ ಅಂಟು. ಗಸಗಸೆ ಬೆಲೆಗೆ ಹೆದರಿ ಹಾಕಿದ ಗುರೆಳ್ಳು ಮಾತ್ರ ನಿಂತಿತು. ಮುದ್ದೆಗಾದರೆ ಇದ್ಯಾವುದೂ ಬೇಡ, ತೆಳ್ಳಗೇ ಇರಲಿ. ಇಳಿಸಿದ ಮೇಲೆ ಉದುರಿಸೋ ಪುಡಿಯಲ್ಲಿ ಚಕ್ಕೆ, ಲವಂಗ, ಕಲ್ಲುಹೂವು ಇವೆ. ನಾಲ್ಕನೆಯದನ್ನು ಬರೆಯಲ್ಲ.

ದುಡ್ಡಿನ ಲೆಕ್ಕ: ಬರೀ ಮಟನ್ ಸಾರಾಗಿದ್ದರೆ 42 ಕೆ.ಜಿ.ಯಾದರೂ ಬೇಕಿತ್ತು. ಕೆ.ಜಿ.ಗೆ 750ರಂತೆ 12 ಕೆ.ಜಿ. ಉಳಿದರೆ 9 ಸಾವಿರ. ಕಾಳು, ತರಕಾರಿ ಸೇರಿ 2 ಸಾವಿರ ದಾಟಲಿಲ್ಲ.

ಇಷ್ಟಾದರೂ ಜಗಳ ಆಗೋದು ಬಡಿಸುವಾಗ. ತುಂಡು ತಳಕ್ಕೆ ಕೂರುತ್ತೆ, ಮೊದಲ ಪಂಕ್ತಿಗೆ ಬರೀ ಸಾರು, ಕೊನೆಯವರಿಗೆ ರಾಶಿ ಮಟನ್. ಅದಕ್ಕೆ ಇಳಿಸಿದ ತಕ್ಷಣ ತುಂಡುಗಳನ್ನು ಜಾಲರಿ ಸಟ್ಟುಗದಿಂದ ಎತ್ತಿ, ಸ್ವಲ್ಪ ಸಾರಿನ ಜೊತೆ ಬೇರೆ ಪಾತ್ರೆಗೆ ಹಾಕಿ ಕೆಂಡದ ಪಕ್ಕ ಇಡ್ತೀನಿ. ಕಟುಕರಿಗೆ ಹೇಳಿ ಒಂದೇ ಅಳತೆಗೆ ಕಡಿಸಿದರೆ 30 ಕೆ.ಜಿ.ಗೆ ಹತ್ತಿರ ಹತ್ತಿರ 900 ತುಂಡು. ಎಲೆಗೆ ನಾಲ್ಕು, ಮಿಕ್ಕ ನೂರು ಎರಡನೇ ಸಲ ಕೇಳೋರಿಗೆ. ತುಂಡು ಹಾಕೋನು ಒಬ್ಬನೇ ಇರಬೇಕು, ಅವನ ನೆಂಟರು ಪಂಕ್ತಿಯಲ್ಲಿ ಇರಬಾರದು.